ಮಳೆ, ಎಸ್‌ಎಂಎಸ್ ಮತ್ತು ಒಂದು ಕಾಗದದ ನಕ್ಷೆ: ನನ್ನ ಅನುಭವ

ಬಂಗಾಳ ಕೊಲ್ಲಿಯಲ್ಲಿ ಏಳುವ ಚಂಡಮಾರುತದ ಗಾಳಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರನ್ನು ತಲುಪುವ ಹೊತ್ತಿಗೆ ಬಲಗುಂದಿರುತ್ತದೆ; ನಮ್ಮನ್ನು ಕಾಡುವುದು ಅದರ ಬೆನ್ನಿಗೆ ಬರುವ ಮಳೆ, ಆ ಮಳೆಯಲ್ಲಿ ಕೈಕೊಡುವ ವಿದ್ಯುತ್ತು ಮತ್ತು ಮೊಬೈಲ್ ಸಂಪರ್ಕ. 2022ರ ಸೆಪ್ಟೆಂಬರ್ 5ರ ಮಳೆ ಚಂಡಮಾರುತದ್ದಲ್ಲದಿದ್ದರೂ, ಅಂದು ಹೊರವರ್ತುಲ ರಸ್ತೆ ಜಲಾವೃತವಾದಾಗ ಬೆಳ್ಳಂದೂರಿನ ನಮ್ಮ ಮನೆಯಿಂದ ಬಸವನಗುಡಿಯಲ್ಲಿರುವ ಅತ್ತೆಯವರಿಗೆ ‘ಕ್ಷೇಮವಾಗಿದ್ದೇವೆ’ ಎಂಬ ಒಂದು ಮಾತನ್ನು ಮುಟ್ಟಿಸಲು ಮಧ್ಯಾಹ್ನವಾಯಿತು. ಮಳೆಯಲ್ಲಿ ಸಂಪರ್ಕ ಕೈಕೊಟ್ಟರೂ ಸುದ್ದಿ ಮುಟ್ಟಿಸಲು, ಕ್ಷೇಮವಾಗಿ ಮನೆ ಸೇರಲು ನಾವು ಮಾಡಿಕೊಂಡ ಸಿದ್ಧತೆಗೆ ಅವರು ಅಂದು ಪಟ್ಟ ಆತಂಕವೇ ಕಾರಣ.

ಮೊದಲು ಕೈಗೆತ್ತಿಕೊಂಡದ್ದು ಖರ್ಚಿಲ್ಲದ ಕೆಲಸ. ಕರೆ ಹೋಗದಷ್ಟು ದುರ್ಬಲ ನೆಟ್‌ವರ್ಕಿನಲ್ಲೂ ಎಸ್‌ಎಂಎಸ್ ಹಲವು ಬಾರಿ ಹೋಗುತ್ತದೆ. ಪಡೆಯುವವರ ಫೋನು ಆಫ್ ಆಗಿದ್ದರೆ ಸಂದೇಶವು ಕಂಪನಿಯ ಕೇಂದ್ರದಲ್ಲಿ ಕಾದಿದ್ದು ಆಮೇಲೆ ತಲುಪುತ್ತದೆ. ಆದ್ದರಿಂದ ಪರಸ್ಪರ ಪದೇ ಪದೇ ಕರೆ ಮಾಡುವುದನ್ನು ಬಿಟ್ಟು, ಎಲ್ಲರೂ ಅತ್ತೆಯವರೊಬ್ಬರಿಗೇ ಎಸ್‌ಎಂಎಸ್ ಕಳುಹಿಸುವುದೆಂದು ನಿಶ್ಚಯಿಸಿದೆವು. “ನನಗೆ ಈ ಬಟನ್ ಫೋನೇ ಸಾಕಮ್ಮ” ಎಂದು ಅವರು ಸ್ಮಾರ್ಟ್‌ಫೋನನ್ನು ನಿರಾಕರಿಸಿದ್ದು ಈಗ ನಮ್ಮೆಲ್ಲರಿಗೂ ಒದಗಿಬಂದಿತು. ಆ ಫೋನು ಒಮ್ಮೆ ಚಾರ್ಜ್ ಮಾಡಿದರೆ ದಿನಗಟ್ಟಲೆ ಬರುತ್ತದೆ. ಕನ್ನಡ ಲಿಪಿಯಲ್ಲಿ ಒಂದು ಎಸ್‌ಎಂಎಸ್‌ಗೆ 70 ಅಕ್ಷರಗಳಷ್ಟೇ ಹಿಡಿಸುವುದರಿಂದ ಸಂದೇಶದಲ್ಲಿ ಮೂರೇ ಸಂಗತಿ: ಎಲ್ಲಿದ್ದೇನೆ, ಹೇಗಿದ್ದೇನೆ, ಮುಂದೆ ಎಲ್ಲಿಗೆ.

ಕೊಂಡದ್ದು 10,000 ಎಂಎಎಚ್‌ನ ಪವರ್ ಬ್ಯಾಂಕ್, ಸೆಲ್ ಹಾಕುವ ಎಫ್‌ಎಂ ರೇಡಿಯೊ ಮತ್ತು ಟಾರ್ಚ್. ಎಲ್ಲ ಸೇರಿ ಎರಡು ಸಾವಿರ ರೂಪಾಯಿ ದಾಟಲಿಲ್ಲ. ವಾಕಿ-ಟಾಕಿಯ ಆಸೆಯಿತ್ತು. ಆದರೆ ನಮ್ಮ ದೇಶದಲ್ಲಿ ಪರವಾನಗಿಯಿಲ್ಲದೆ ಬಳಸಬಹುದಾದದ್ದು 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಸೆಟ್ಟುಗಳು ಮಾತ್ರ, ಬೆಳ್ಳಂದೂರಿನಿಂದ ಬಸವನಗುಡಿಗೆ ಅವು ಎಟುಕುವುದಿಲ್ಲವೆಂದು ಬಿಟ್ಟೆ.

ಹೆಚ್ಚು ಶ್ರಮ ಬೇಡಿದ್ದು ದಾರಿಯ ವಿಚಾರ. ಫೋನಿನ ಜಿಪಿಎಸ್ ಉಪಗ್ರಹದಿಂದ ಸಂಕೇತವನ್ನು ಪಡೆಯುತ್ತದೆಯಾದ್ದರಿಂದ ಅದಕ್ಕೆ ಇಂಟರ್ನೆಟ್ ಬೇಕಿಲ್ಲ; ನಕ್ಷೆಯನ್ನು ಮುಂಚೆಯೇ ಇಳಿಸಿಕೊಂಡಿದ್ದರೆ ಸಾಕು. ಆದರೆ ಇಳಿಸಿಕೊಂಡ ನಕ್ಷೆಗೆ ನೀರು ಎಲ್ಲಿ ನಿಂತಿದೆ ಎಂಬುದು ತಿಳಿಯದು, ಅದು ಹತ್ತಿರದ ದಾರಿಯನ್ನೇ ತೋರಿಸುತ್ತದೆ. ಬೆಂಗಳೂರು ದಿಣ್ಣೆಯ ಮೇಲಿನ ಊರು. ಇಲ್ಲಿನ ನೀರು ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಕಣಿವೆಗಳ ಕಡೆಗೆ ರಾಜಕಾಲುವೆಗಳಲ್ಲಿ ಇಳಿಯುತ್ತದೆ. ನಾನೂ ನಮ್ಮ ಯಜಮಾನರೂ ಕೆಲವು ಭಾನುವಾರ ಸ್ಕೂಟರಿನಲ್ಲಿ ಸುತ್ತಿ, ನಮ್ಮ ದಾರಿಯು ರಾಜಕಾಲುವೆಯನ್ನು ದಾಟುವ ಪ್ರತಿಯೊಂದು ಜಾಗವನ್ನೂ ಮುದ್ರಿತ ನಕ್ಷೆಯಲ್ಲಿ ಕೆಂಪು ಶಾಯಿಯಿಂದ, ಏರಿನ ರಸ್ತೆಗಳನ್ನು ಹಸಿರಿನಿಂದ ಗುರುತಿಸಿದೆವು. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ತುಂಬಿದ್ದ ನೀರಿನಲ್ಲಿ ಕಾರು ಸಿಲುಕಿ ಯುವತಿಯೊಬ್ಬರು ತೀರಿಕೊಂಡ ಮೇಲೆ, ನಕ್ಷೆಯಲ್ಲಿರುವ ಅಂಡರ್‌ಪಾಸುಗಳೆಲ್ಲವೂ ಕೆಂಪಾದವು.

2024ರ ನವೆಂಬರ್ ಕೊನೆಯಲ್ಲಿ ಫೆಂಗಲ್ ಚಂಡಮಾರುತ ಪುದುಚೇರಿಯ ಬಳಿ ದಡ ಸೇರಿದಾಗ ನಾವು ಪವರ್ ಬ್ಯಾಂಕನ್ನು ತುಂಬಿಸಿಟ್ಟು, ನಕ್ಷೆಯನ್ನು ಹೊಸದಾಗಿ ಇಳಿಸಿಕೊಂಡೆವು. ಇಲ್ಲಿ ಜಿಟಿಜಿಟಿ ಮಳೆಯಷ್ಟೇ ಹಿಡಿಯಿತು. ಆದರೂ ಸಂಜೆ ಕಚೇರಿಯಿಂದ ಹೊರಟ ಯಜಮಾನರು ಹಸಿರು ದಾರಿಯಲ್ಲೇ ಬಂದರು; ಅದಕ್ಕೂ ಮೊದಲು ಅವರ ಎಸ್‌ಎಂಎಸ್ ಬಸವನಗುಡಿಯನ್ನು ತಲುಪಿತ್ತು.