ರಾಜಕೀಯ ವಿಭಾಗದಲ್ಲಿ ನಾನು ವರದಿ ಬರೆಯುತ್ತಿದ್ದ ಬಗೆ

ರಾಯಭಾರ ಕಚೇರಿಯ ರಾಜಕೀಯ ವಿಭಾಗ ಅಂದ ಕೂಡಲೇ ಜನರಿಗೆ ಗೂಢಚಾರಿಕೆ ನೆನಪಾಗುತ್ತದೆ, ಇಲ್ಲವೇ ದಿನಾ ಸಂಜೆ ಪಾರ್ಟಿ. ಸೆಕೆಂಡ್ ಸೆಕ್ರೆಟರಿಯಾಗಿ (ರಾಯಭಾರಿಗಿಂತ ಕೆಳಗಿನ ಒಂದು ರಾಜತಾಂತ್ರಿಕ ಹುದ್ದೆ) ನಾನು ಮಾಡಿದ್ದು ಜಾಸ್ತಿ ಓದುವುದು, ಕೇಳುವುದು, ಬರೆಯುವುದು. ರಾಜತಾಂತ್ರಿಕ ಸಂಬಂಧಗಳ ಕುರಿತ 1961ರ ವಿಯೆನ್ನಾ ಒಪ್ಪಂದದ 3ನೇ ವಿಧಿಯಲ್ಲೇ ಈ ಕೆಲಸ ಇದೆ. ನಾವು ಕೆಲಸಕ್ಕಿರುವ ದೇಶದಲ್ಲಿ ಏನು ನಡೆಯುತ್ತಿದೆ ಅಂತ ಕಾನೂನಿನ ದಾರಿಯಲ್ಲಿ ತಿಳಿದುಕೊಂಡು ನಮ್ಮ ಸರ್ಕಾರಕ್ಕೆ ವರದಿ ಮಾಡುವುದು.

ಬೆಳಗ್ಗೆ ಪತ್ರಿಕೆ ಓದುವುದು ಮೊದಲ ಕೆಲಸ. ಆದರೆ ಸುದ್ದಿಯನ್ನೇ ಕೇಬಲ್, ಅಂದರೆ ರಾಜಧಾನಿಗೆ ಹೋಗುವ ಅಧಿಕೃತ ವರದಿ, ಮಾಡಿ ಕಳಿಸಿದರೆ ಪ್ರಯೋಜನವಿಲ್ಲ. ಒಬ್ಬ ಸಚಿವರು ರಾಜೀನಾಮೆ ಕೊಟ್ಟರು ಅನ್ನುವುದನ್ನು ನಮ್ಮ ರಾಜಧಾನಿಯವರು ಆಗಲೇ ಫೋನಿನಲ್ಲಿ ನೋಡಿರುತ್ತಾರೆ. ಆ ಸಚಿವರ ಹಿಂದೆ ಇನ್ನೆಷ್ಟು ಜನ ಹೊರಡಬಹುದು? ಮಾತುಕತೆಯಲ್ಲಿರುವ ಒಪ್ಪಂದ ನಿಂತುಹೋಗುತ್ತದಾ? ರಾಜಧಾನಿಯವರಿಗೆ ಬೇಕಾದ್ದು ಇದು.

ಇಂಥದ್ದು ಜನರಿಂದಲೇ ಗೊತ್ತಾಗಬೇಕು. ಮಂತ್ರಿಗಳಿಗಿಂತ ನನಗೆ ಉಪಯೋಗಕ್ಕೆ ಬಂದವರು ಅಲ್ಲಿನ ವಿದೇಶಾಂಗ ಸಚಿವಾಲಯದಲ್ಲಿ ನಮ್ಮ ದೇಶದ ಕಡತ ನೋಡುವ ಅಧಿಕಾರಿ, ಹಳೆಯ ವರದಿಗಾರರು, ನಮ್ಮದೇ ಕಚೇರಿಯ ಸ್ಥಳೀಯ ಸಿಬ್ಬಂದಿ. ನಾವು ಕೆಲವು ವರ್ಷಕ್ಕೆ ವರ್ಗವಾಗಿ ಹೋಗುತ್ತೇವೆ, ಸ್ಥಳೀಯ ಸಿಬ್ಬಂದಿಗೆ ಮೂರು ಸರ್ಕಾರಗಳ ಹಿಂದಿನ ಜಗಳವೂ ನೆನಪಿರುತ್ತದೆ. ವಿರೋಧ ಪಕ್ಷದವರನ್ನೂ ಭೇಟಿ ಮಾಡುತ್ತಿದ್ದೆ, ಕದ್ದುಮುಚ್ಚಿ ಅಲ್ಲ. ಕೇಳಬಹುದು, ಹೀಗೆ ಮಾಡಿ ಅಂತ ಹೇಳುವ ಹಾಗಿಲ್ಲ. ಒಳಗಿನ ವಿಷಯಕ್ಕೆ ಕೈ ಹಾಕಬಾರದು ಅನ್ನುತ್ತದೆ 41ನೇ ವಿಧಿ. 9ನೇ ವಿಧಿಯಂತೆ, ಅಲ್ಲಿನ ಸರ್ಕಾರ ಕಾರಣವನ್ನೂ ಹೇಳದೆ ನಮ್ಮನ್ನು ಪರ್ಸೋನಾ ನಾನ್ ಗ್ರಾಟಾ, ಅಂದರೆ ತನಗೆ ಬೇಡವಾದ ವ್ಯಕ್ತಿ, ಅಂತ ಘೋಷಿಸಬಹುದು.

ನಾನು ಬಿಡದೆ ಪಾಲಿಸಿದ ರೂಢಿ ಒಂದಿದೆ. ಭೇಟಿ ಮುಗಿದ ತಕ್ಷಣ ಕೂತು, ಅವರು ಹೇಳಿದ್ದನ್ನು ಒಂದು ಕಡೆ, ನನಗೆ ಅನ್ನಿಸಿದ್ದನ್ನು ಇನ್ನೊಂದು ಕಡೆ ಬರೆಯುವುದು. ಅಧಿಕಾರಿ 'ಪರಿಶೀಲಿಸುತ್ತೇವೆ' ಅಂದರೆ ಅದೇ ಮಾತು ಹೋಗಬೇಕು. 'ಒಲವು ತೋರಿದರು' ಅಂತ ಬರೆಯಲು ಕೈ ತುಂಬಾ ಎಳೆಯುತ್ತದೆ, ಏಕೆಂದರೆ ರಾಜಧಾನಿಗೆ ಅದೇ ಇಷ್ಟ. ಅವರು ಒಪ್ಪಬಹುದು ಅಂತ ನನಗೆ ಅನ್ನಿಸಿದರೆ ಕೊನೆಯಲ್ಲಿ 'ಟಿಪ್ಪಣಿ' ಅಂತ ಬೇರೆ ಪ್ಯಾರಾ ಹಾಕಿ, ಯಾಕೆ ಅನ್ನಿಸಿತು ಅಂತ ಬರೆಯುತ್ತಿದ್ದೆ. ಕೆಲವರು ಎರಡನ್ನೂ ಬೆರೆಸಿ ಸೊಗಸಾಗಿ ಬರೆಯುತ್ತಾರೆ. ಓದಲು ಚೆಂದ, ಆದರೆ ಅದನ್ನು ನಂಬಿ ನಿರ್ಧಾರ ಮಾಡುವವರ ಪಾಡು?

ಡಿಮಾರ್ಷ್ ಇದ್ದಾಗ ಕೆಲಸ ಉಲ್ಟಾ. ನಮ್ಮ ಸರ್ಕಾರದ ಮಾತನ್ನು ಅಲ್ಲಿಗೆ ಮುಟ್ಟಿಸಬೇಕು. ವಿಶ್ವಸಂಸ್ಥೆಯ ಚುನಾವಣೆಯಲ್ಲಿ ನಮ್ಮ ಅಭ್ಯರ್ಥಿಗೆ ಮತ ಕೇಳುವುದು ಮಾಮೂಲಿ ಉದಾಹರಣೆ. ಬಾಯಲ್ಲಿ ಹೇಳಿ, ಲೆಟರ್‌ಹೆಡ್ಡೂ ಸಹಿಯೂ ಇಲ್ಲದ ಒಂದು ಹಾಳೆ ಬಿಟ್ಟು ಬರುತ್ತೇವೆ. ಅದು ನಾನ್‌ಪೇಪರ್. ಅದೇ ಮಾತನ್ನು ಅಧಿಕೃತವಾಗಿ ಬರೆದು ತಿಳಿಸಬೇಕಾದರೆ ಕಳಿಸುವುದು ನೋಟ್ ವರ್ಬಾಲ್ ಅನ್ನುವ ಪತ್ರ. 'ರಾಯಭಾರ ಕಚೇರಿಯು ತಿಳಿಸುತ್ತದೆ' ಅನ್ನುವ ಧಾಟಿ, ಪೂರ್ತಿ ಸಹಿ ಇಲ್ಲ, ಮುದ್ರೆ ಇರುತ್ತದೆ. ಕಟುವಾದ ಪ್ರತಿಭಟನೆಯೂ ಸಾಮಾನ್ಯವಾಗಿ 'ಅತ್ಯುನ್ನತ ಗೌರವ'ದೊಂದಿಗೇ ಮುಗಿಯುತ್ತದೆ. ತಮಾಷೆ ಅಲ್ವಾ?

ಕಳಿಸಿದ ಕೇಬಲ್‌ಗಳಲ್ಲಿ ಎಷ್ಟೋ ಕಡತ ಸೇರಿ ಅಲ್ಲೇ ಇರುತ್ತವೆ. ಓದಿದ್ದಾರೆ ಅಂತ ನನಗೆ ಖಾತ್ರಿಯಾಗುತ್ತಿದ್ದುದು ಹೊಗಳಿಕೆಯಿಂದಲ್ಲ. 'ಇದನ್ನು ಹೇಳಿದವರಿಗೆ ಖುದ್ದು ಗೊತ್ತಾ, ಯಾರಿಂದಲೋ ಕೇಳಿದ್ದಾ?' ಅಂತ ರಾಜಧಾನಿಯಲ್ಲಿ ನಮ್ಮ ಕೇಬಲ್ ನೋಡುವ ಡೆಸ್ಕಿನಿಂದ ಪ್ರಶ್ನೆ ಬಂದಾಗ.