ಮನೆಯಲ್ಲಿ ಸೈನಿಕರಿದ್ದರೆ ನ್ಯಾಷನಲ್ ಪಾರ್ಕ್ ಪ್ರವೇಶ ಉಚಿತ

ಅಮೆರಿಕಕ್ಕೆ ಬಂದ ಮೊದಲ ಬೇಸಿಗೆಯಲ್ಲೇ ಯೋಸೆಮಿಟಿ, ಗ್ರ್ಯಾಂಡ್ ಕ್ಯಾನಿಯನ್ ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಇವೆರಡರಲ್ಲೂ ಗೇಟಿನಲ್ಲಿ ಕಾರಿಗೆ 35 ಡಾಲರ್ ಕೊಡಬೇಕು. ನಿಮ್ಮ ಮನೆಯಲ್ಲಿ ಯಾರಾದರೂ ಅಮೆರಿಕದ ಸೇನೆಯಲ್ಲಿದ್ದರೆ, ಅಥವಾ ಸೇವೆ ಮುಗಿಸಿದ್ದರೆ, ಆ ದುಡ್ಡು ಉಳಿಯುತ್ತದೆ. ಗ್ರೀನ್ ಕಾರ್ಡ್ ಮೇಲೆ ಸೇನೆ ಸೇರಿದ ನಮ್ಮ ಮಕ್ಕಳಿಗೂ ಈ ಸೌಲಭ್ಯ ಇದೆ. ದಯವಿಟ್ಟು ಬಿಡಬೇಡಿ, ಅದು ಅವರ ಹಕ್ಕು.

‘ಅಮೆರಿಕ ದ ಬ್ಯೂಟಿಫುಲ್’ ಮಿಲಿಟರಿ ಪಾಸ್ ಅಂತ ಕೇಳಿ. ಸೇವೆಯಲ್ಲಿ ಇರುವವರಿಗೆ ಒಂದು ವರ್ಷದ ಪಾಸ್ ಕೊಡುತ್ತಾರೆ. ಸೈನಿಕರ ಮನೆಯವರಿಗೆ ಸೇನೆ ಕೊಡುವ ಗುರುತಿನ ಚೀಟಿ (ಡಿಪೆಂಡೆಂಟ್ ಐಡಿ) ಇದ್ದರೆ ಗಂಡ, ಹೆಂಡತಿ, ಮಕ್ಕಳೂ ತಮ್ಮದೇ ಪಾಸ್ ತೆಗೆದುಕೊಳ್ಳಬಹುದು. ಮಗಳೋ ಅಳಿಯನೋ ಡ್ಯೂಟಿ ಮೇಲೆ ದೂರ ಹೋಗಿದ್ದಾಗ ಇದು ತುಂಬಾ ಅನುಕೂಲ. ಸೇವೆ ಮುಗಿಸಿದವರಿಗೆ 2022ರಿಂದ ಜೀವನಪೂರ್ತಿ ನಡೆಯುವ ಪಾಸ್ ಸಿಗುತ್ತಿದೆ. ಆದರೆ ಅವರ ಮನೆಯವರಿಗೆ ಬೇರೆ ಪಾಸ್ ಇಲ್ಲ, ಪಾಸ್ ಇರುವವರು ಜೊತೆಗೇ ಇರಬೇಕು.

ಪಾರ್ಕಿನ ಗೇಟಿನಲ್ಲಿ ಮಿಲಿಟರಿ ಐಡಿ ತೋರಿಸಿದರೆ ಆಯಿತು. ಡ್ರೈವಿಂಗ್ ಲೈಸೆನ್ಸ್ ಮೇಲೆ ‘ವೆಟರನ್’ (ಮಾಜಿ ಸೈನಿಕ) ಅಂತ ಅಚ್ಚಾಗಿದ್ದರೆ ಅದೂ ನಡೆಯುತ್ತದೆ. ಕಾರಿನ ಲೆಕ್ಕದಲ್ಲಿ ಶುಲ್ಕ ಇರುವ ಕಡೆ ಒಂದೇ ಪಾಸಿಗೆ ಕಾರಿನಲ್ಲಿದ್ದವರೆಲ್ಲ ಒಳಗೆ. ತಲೆಯ ಲೆಕ್ಕ ಇದ್ದರೆ ಪಾಸ್ ಇರುವವರ ಜೊತೆ ಇನ್ನೂ ಮೂವರು ದೊಡ್ಡವರು. ಹದಿನಾರು ತುಂಬದ ಮಕ್ಕಳಿಗೆ ಹೇಗೂ ಶುಲ್ಕ ಇಲ್ಲ.

ಕೊಡಗಿನಿಂದಲೋ ಧಾರವಾಡದಿಂದಲೋ ಬಂದ ನಿಮ್ಮ ತಂದೆಯವರು ಭಾರತೀಯ ಸೇನೆಯಲ್ಲಿ ಇದ್ದವರಾಗಿರಬಹುದು. ಅವರ ಮಾಜಿ ಸೈನಿಕರ ಕಾರ್ಡಿಗೆ ಇಲ್ಲಿ ಈ ಪಾಸ್ ಕೊಡುವುದಿಲ್ಲ. ಅವರನ್ನು ಗೇಟಿನ ತನಕ ಕರೆದುಕೊಂಡು ಹೋಗಿ ಕಾರ್ಡ್ ತೋರಿಸುವಂತೆ ಮಾಡಬೇಡಿ, ಮೊದಲೇ ಹೇಳಿಬಿಡಿ. ಅಲ್ಲದೆ 2026ರಿಂದ ಹನ್ನೊಂದು ದೊಡ್ಡ ಪಾರ್ಕ್‌ಗಳಲ್ಲಿ ಅಮೆರಿಕದಲ್ಲಿ ವಾಸ ಇಲ್ಲದ ಹೊರದೇಶದವರಿಗೆ ತಲೆಗೆ 100 ಡಾಲರ್ ಜಾಸ್ತಿ ಶುಲ್ಕ ಬಂದಿದೆ. ಅಪ್ಪ ಅಮ್ಮನ ಜೊತೆ ಹೊರಡುವ ಮುಂಚೆ ಆ ಪಾರ್ಕಿನ ನಿಯಮ ನೋಡಿಕೊಳ್ಳಿ.

ಪಾಸ್ ಪ್ರವೇಶಕ್ಕೆ ಮಾತ್ರ, ಕ್ಯಾಂಪಿಂಗ್ ಜಾಗಕ್ಕೆ ದುಡ್ಡು ಬೇರೆ. ರಾಕಿ ಮೌಂಟನ್‌ನಂಥ ಕಡೆ ಸೀಸನ್‌ನಲ್ಲಿ ಸಮಯ ಬುಕ್ ಮಾಡಿಕೊಂಡೇ ಹೋಗಬೇಕು, ಪಾಸ್ ಇದ್ದರೂ ಅದು ತಪ್ಪುವುದಿಲ್ಲ. ಇನ್ನು ನಯಾಗರ ನ್ಯೂಯಾರ್ಕ್ ರಾಜ್ಯದ ಪಾರ್ಕ್, ಅಲ್ಲಿನ ಪಾರ್ಕಿಂಗಿಗೆ ಈ ಪಾಸ್ ನಡೆಯುವುದಿಲ್ಲ. ಎಷ್ಟೋ ರಾಜ್ಯಗಳು ಸೈನಿಕರಿಗೆ ತಮ್ಮದೇ ರಿಯಾಯಿತಿ ಇಟ್ಟಿವೆ, ಸ್ಟೇಟ್ ಪಾರ್ಕ್‌ಗೆ ಹೋದಾಗ ಅದನ್ನೂ ಕೇಳಿ.