ಎರೆಮಣ್ಣಿನ ಸೀಮೆಯಲ್ಲಿ ನನ್ನ ಸೈಕಲ್ಲು ಸ್ವಚ್ಛ ಇರುವ ಬಗೆ

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲೂಕಿನಲ್ಲಿ ದಿನಾ ಸೈಕಲ್ ತುಳಿಯುವವನಿಗೆ ಎರಡು ಥರದ ಮಣ್ಣಿನ ಸಹವಾಸ ತಪ್ಪಿದ್ದಲ್ಲ. ಒಂದು, ತೊಗರಿ ಹೊಲಗಳ ಎರೆಮಣ್ಣು. ಇನ್ನೊಂದು, ನೆಲಕ್ಕೆ ಹಾಸುವ ಪರಸಿ (ಶಹಾಬಾದ್) ಕಲ್ಲಿನ ಖಣಿ, ಪಾಲಿಶ್ ಮಷೀನು, ಸಿಮೆಂಟ್ ಲಾರಿಗಳಿಂದ ಏಳುವ ಬೂದು ಪುಡಿ. ನಾನು ಗ್ರಾಮೀಣ ಡಾಕ್ ಸೇವಕ. ಟಪಾಲು ಚೀಲವನ್ನು ಕ್ಯಾರಿಯರ್‌ಗೆ ಕಟ್ಟಿಕೊಂಡು ಊರಿಂದ ಊರಿಗೆ ಹೋಗುವಾಗ ಎರಡೂ ಮಣ್ಣು ನನ್ನ ಸೈಕಲ್ಲಿಗೆ ಹತ್ತುತ್ತವೆ. ಎರಡಕ್ಕೂ ಒಂದೇ ಉಪಚಾರ ಮಾಡಿದರೆ ನಡೆಯುವುದಿಲ್ಲ. ಒಂದನ್ನು ಒಣಗಲು ಬಿಡಬೇಕು, ಇನ್ನೊಂದನ್ನು ಒಣಗಲು ಬಿಡಲೇಬಾರದು.

ನನ್ನದು ಕರೀ ಬಣ್ಣದ ಹಳೇ ಮಾದರಿಯ ಗಂಡಸರ ಸೈಕಲ್ಲು. ಸರಳಿನ ಬ್ರೇಕು, ಅರ್ಧ ಚೈನ್ ಕವರ್ರು, ಹಿಂದೆ ಅಗಲ ಕ್ಯಾರಿಯರ್ರು. ಗೇರು ಇಲ್ಲ. ಅದನ್ನು ಸ್ವಚ್ಛ ಇಡುವುದಕ್ಕೆ ನನಗೆ ಮೊದಲ ಕಾರಣ ನನ್ನ ಕೈ. ವಯಸ್ಸಾದ ತಾಯಂದಿರು ಪಿಂಚಣಿ ತಗೊಳ್ಳಲು ಹೆಬ್ಬೆರಳು ಒತ್ತುವ ಮಷೀನನ್ನು ಹಿಡಿಯುವವನು ನಾನೇ. ಬ್ಯಾಂಕಿನ ಕಾಗದ, ನೌಕರಿಯ ಸಂದರ್ಶನದ ಪತ್ರ, ಮಕ್ಕಳ ಅಂಕಪಟ್ಟಿ ಇವೆಲ್ಲ ನನ್ನ ಬೆರಳಿನಿಂದಲೇ ಅವರ ಕೈಗೆ ಹೋಗುತ್ತವೆ. ದಾರಿಯಲ್ಲಿ ಚೈನ್ ಬಿದ್ದು, ಅದನ್ನು ಏರಿಸಿ, ಅದೇ ಕರೀ ಕೈಯಲ್ಲಿ ಯಾರಿಗಾದರೂ ಅವರ ಮಗನ ನೇಮಕಾತಿ ಆದೇಶ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಚೈನು ಮುಟ್ಟಿದರೂ ಬೆರಳಿಗೆ ಕರಿ ಹತ್ತಬಾರದು ಎಂಬುದು ನಾನು ಹಾಕಿಕೊಂಡ ಅಳತೆ. ಅದು ಸಾಧ್ಯವಿದೆ, ನನ್ನ ಸೈಕಲ್ಲೇ ಸಾಕ್ಷಿ.

ಮೊದಲು ಎರೆಮಣ್ಣಿನ ಮಾತು. ಮಿರಗದ ಮಳೆ ಬಿತ್ತೆಂದರೆ ಹೊಲದ ದಾರಿಯಲ್ಲಿ ಚಕ್ರ ಎರಡು ಸುತ್ತು ತಿರುಗುವಷ್ಟರಲ್ಲಿ ಮಡ್‌ಗಾರ್ಡಿನೊಳಗೆ ಮಣ್ಣು ತುಂಬಿ, ಬ್ರೇಕಿನ ಹತ್ತಿರ ಗಟ್ಟಿಯಾಗಿ, ಚಕ್ರವೇ ನಿಂತುಬಿಡುತ್ತದೆ. ಆಗ ಪೆಡಲ್ ಮೇಲೆ ಬಲ ಹಾಕಿ ತುಳಿಯಬಾರದು. ಚೈನು ಜಗ್ಗುತ್ತದೆ, ಪೆಡಲಿನ ತೋಳನ್ನು ಅಚ್ಚಿಗೆ ಬಿಗಿದಿಡುವ ಕಾಟರ್ ಪಿನ್ನು ಸಡಿಲಾಗುತ್ತದೆ. ನಾನು ಕ್ಯಾರಿಯರ್‌ಗೆ ಒಂದು ಚಪ್ಪಟೆ ಬಿದಿರಿನ ಕಡ್ಡಿ ಕಟ್ಟಿಕೊಂಡಿರುತ್ತೇನೆ. ಇಳಿದು, ಅದರಿಂದ ಮಡ್‌ಗಾರ್ಡಿನ ಒಳಗಿನ ಮಣ್ಣು ಹೆಕ್ಕಿ ತೆಗೆದು, ಆ ಕೆಸರಿನ ದಾರಿ ದಾಟುವವರೆಗೆ ಬದಿಯ ಹುಲ್ಲಿನ ಮೇಲೆ ನೂಕಿಕೊಂಡು ನಡೆಯುತ್ತೇನೆ. ಕಬ್ಬಿಣದ ಸಲಾಕೆಯೋ ಸ್ಕ್ರೂ ಡ್ರೈವರೋ ಬೇಡ. ಬಣ್ಣ ಕಿತ್ತ ಜಾಗದಿಂದಲೇ ಜಂಗು ಹಬ್ಬಲು ಶುರುವಾಗುವುದು.

ಮನೆಗೆ ಬಂದ ಮೇಲೆ ಹೆಚ್ಚಿನವರು ಮಾಡುವುದು ಬಕೆಟ್ಟುಗಟ್ಟಲೆ ನೀರು ಹೊಡೆಯುವುದು. ನಾನು ಹೊಡೆಯುವುದಿಲ್ಲ. ಎರೆಮಣ್ಣು ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ನಮ್ಮ ಹೊಲಗಳು ಕೈ ಹಿಡಿಸುವಷ್ಟು ಬಾಯಿ ಬಿಡುವುದು ಇದೇ ಗುಣದಿಂದ. ಹಸಿ ಇದ್ದಾಗ ನೀರು ಹಾಕಿದರೆ ಅದು ಹೋಗುವುದಕ್ಕಿಂತ ಹರಡುವುದೇ ಹೆಚ್ಚು. ಚಕ್ರದ ನಡುವಿನ ಹಬ್ಬಿನ ಸಂದಿಗೆ, ಹಿಂದಿನ ಹಲ್ಲುಚಕ್ರವಾದ ಫ್ರೀವೀಲಿನ ಬಾಯಿಗೆ, ಪೆಡಲಿನ ಬೇರಿಂಗ್ ಗುಂಡುಗಳಿಗೆ ತೆಳ್ಳಗೆ ಇಳಿದುಹೋಗುತ್ತದೆ. ಅದಕ್ಕೇ ಫ್ರೇಮು, ಮಡ್‌ಗಾರ್ಡು, ಚಕ್ರದ ಕಡ್ಡಿಗಳ ಮೇಲಿನ ಮಣ್ಣನ್ನು ರಾತ್ರಿ ಹಾಗೇ ಬಿಡುತ್ತೇನೆ. ಬೆಳಿಗ್ಗೆ ಅದು ಬಿರಿದು ಹಪ್ಪಳದಂತೆ ಎದ್ದಿರುತ್ತದೆ. ಬಿದಿರಿನ ಕಡ್ಡಿ ತಾಗಿಸಿದರೆ ಬಿಲ್ಲೆ ಬಿಲ್ಲೆಯಾಗಿ ಉದುರುತ್ತದೆ. ಉಳಿದದ್ದಕ್ಕೆ ಎರಡಿಂಚಿನ ಪೇಂಟಿಂಗ್ ಬ್ರಶ್ಶು, ಆಮೇಲೆ ಹಿಂಡಿದ ಒದ್ದೆ ಅರಿವಿ (ಬಟ್ಟೆ). ಸತತ ಮಳೆಯಲ್ಲಿ ಮಣ್ಣು ಒಣಗದಿದ್ದರೆ ಪಡಸಾಲೆಯಲ್ಲಿ ಗಾಳಿಗೆ ನಿಲ್ಲಿಸಿ, ಇನ್ನೊಂದು ದಿನ ಕಾಯುತ್ತೇನೆ.

ಆದರೆ ಚೈನು, ಫ್ರೀವೀಲು, ಬ್ರೇಕಿನ ರಬ್ಬರು ಈ ಮೂರಕ್ಕೆ ರಾತ್ರಿ ಕಾಯುವ ಹಕ್ಕಿಲ್ಲ. ಒದ್ದೆ ಮಣ್ಣು ಹಿಡಿದಿಟ್ಟ ತೇವ ಬೆಳಗಾಗುವಷ್ಟರಲ್ಲಿ ಚೈನಿಗೆ ಕೆಂಪು ಬಣ್ಣ ತರುತ್ತದೆ. ಊಟಕ್ಕೆ ಕೂಡುವ ಮೊದಲೇ ಒಣ ಅರಿವಿಯಿಂದ ಅವನ್ನು ಒರೆಸಿರುತ್ತೇನೆ.

ಇನ್ನು ಬೂದು ಪುಡಿ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಅದನ್ನು ಕೊಯ್ಯುವಾಗ, ಉಜ್ಜುವಾಗ ನೀರು ಬಿಡುತ್ತಾರೆ, ಆ ನೀರು ಹಾಲಿನ ಬಣ್ಣದ ರಾಡಿಯಾಗಿ ರಸ್ತೆಗೆ ಹರಿಯುತ್ತದೆ. ಇದು ಎರೆಮಣ್ಣಿನ ಹಾಗೆ ಬಿಲ್ಲೆಯಾಗಿ ಏಳುವುದಿಲ್ಲ. ಒಣಗಿದರೆ ಬಣ್ಣದ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಆದ್ದರಿಂದ ಹಸಿ ಇದ್ದಾಗಲೇ, ಮುಂದಿನ ಊರಿನ ಬೋರ್‌ವೆಲ್ ಹತ್ತಿರ ನಿಂತು, ಒದ್ದೆ ಅರಿವಿಯಿಂದ ಒರೆಸಿಬಿಡುತ್ತೇನೆ. ಸಿಮೆಂಟಿನ ಧೂಳಾದರೆ ಕಥೆ ತಿರುವುಮುರುವು. ಅದು ಒಣ ಇದ್ದಷ್ಟು ಹೊತ್ತು ಬರೀ ಪುಡಿ. ಒಂದು ಹನಿ ನೀರು ತಾಗಿದರೆ ಗೋಡೆಯ ಕೆಲಸ ಶುರು ಮಾಡುತ್ತದೆ. ಹಾಗಾಗಿ ಲಾರಿಗಳ ರಸ್ತೆಯಿಂದ ಬಂದ ದಿನ ಮೊದಲು ಒಣ ಬ್ರಶ್ಶಿನಿಂದ ಹ್ಯಾಂಡಲ್‌ನಿಂದ ಕೆಳಕ್ಕೆ ಪೂರ್ತಿ ಜಾಡಿಸುತ್ತೇನೆ. ಒದ್ದೆ ಅರಿವಿ ಆಮೇಲೆ. ಈ ಕ್ರಮ ಅದಲು ಬದಲಾದರೆ ಒರೆಸಿದ್ದೇ ಉಜ್ಜುಕಾಗದ ಹಾಕಿ ತಿಕ್ಕಿದ ಹಾಗಾಗುತ್ತದೆ.

ಚೈನಿನ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು. ಸೈಕಲ್ಲಿನ ಆಯುಷ್ಯ ಅಲ್ಲೇ ಇರುವುದು.

ನಮ್ಮ ಕಡೆ ಚೈನು ಕಿರ್ ಅಂದರೆ ಎಣ್ಣೆ ಸುರಿಯುವುದು ರೂಢಿ. ಹೊಲಿಗೆ ಮಷೀನಿನ ಎಣ್ಣೆಯೋ, ಗ್ಯಾರೇಜಿನಲ್ಲಿ ಬಸಿದ ಕರೀ ಎಂಜಿನ್ ಎಣ್ಣೆಯೋ, ಏನೂ ಸಿಗದಿದ್ದರೆ ಅಡುಗೆಮನೆಯ ಕುಸುಬಿ ಎಣ್ಣೆಯೋ. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಅಂಟಾಗುವ ಜಾತಿಯದು, ಬಣ್ಣ ಮತ್ತು ವಾರ್ನಿಶಿನ ಕೆಲಸಕ್ಕೂ ಅದನ್ನು ಬಳಸುತ್ತಾರೆ. ಚೈನಿನ ಮೇಲೂ ಅದು ಅದನ್ನೇ ಮಾಡುತ್ತದೆ. ಬಸಿದ ಎಂಜಿನ್ ಎಣ್ಣೆಯಲ್ಲಿ ಮಸಿ, ಸವೆದ ಲೋಹದ ಚೂರು ಇರುತ್ತವೆ. ಇವೆರಡನ್ನೂ ನಾನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಸ್ವಚ್ಛ ಎಣ್ಣೆಯಾದರೂ ಮೇಲೆ ಸುರಿದರೆ ಪ್ರಯೋಜನವಿಲ್ಲ. ಎಣ್ಣೆ ಬೇಕಾಗಿರುವುದು ಪಿನ್ನು ಮತ್ತು ರೋಲರ್ ನಡುವಿನ ಸಂದಿಯಲ್ಲಿ. ಹೊರಗೆ ಉಳಿದ ಎಣ್ಣೆ ಧೂಳನ್ನು ಹಿಡಿಯುತ್ತದೆ, ಧೂಳು ಎಣ್ಣೆಯಲ್ಲಿ ಕಲಸಿ ಕರೀ ಲೇಪವಾಗುತ್ತದೆ, ಆ ಲೇಪ ಪ್ರತಿ ಸುತ್ತಿಗೂ ಪಿನ್ನನ್ನು ಅರೆಯುತ್ತದೆ. ಚೈನು ಉದ್ದ ಆಯಿತು ಅನ್ನುತ್ತಾರಲ್ಲ, ಅಲ್ಲಿ ಕೊಂಡಿಯ ಯಾವ ಪಟ್ಟಿಯೂ ಹಿಗ್ಗಿರುವುದಿಲ್ಲ. ಪಿನ್ನು ಮತ್ತು ಅದರ ತೂತು ಸವೆದಿರುತ್ತವೆ.

ನಾನು ಮಾಡುವುದು ಹೀಗೆ. ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಚೈನಿನ ಕೆಳಗಿನ ಸಾಲನ್ನು ಎಡಗೈಯಲ್ಲಿ ಅರಿವಿಯಿಂದ ಮೆತ್ತಗೆ ಹಿಡಿದು, ಬಲಗೈಯಿಂದ ಪೆಡಲನ್ನು ಹಿಂದಕ್ಕೆ ತಿರುಗಿಸುತ್ತೇನೆ. ಅರಿವಿ ಕರ್ರಗಾದ ಜಾಗ ಬಿಟ್ಟು ಬೇರೆ ಜಾಗ ಹಿಡಿಯುತ್ತೇನೆ. ದಿನದ ಕೆಲಸ ಇಷ್ಟೇ. ವಾರಕ್ಕೊಮ್ಮೆ, ಬೇಸಿಗೆಯ ಧೂಳಿನಲ್ಲಿ ಅದಕ್ಕೂ ಬೇಗ, ಹಳೇ ಹಲ್ಲುಜ್ಜುವ ಬ್ರಶ್ಶನ್ನು ಚಿಮಣಿ ಎಣ್ಣೆಯಲ್ಲಿ (ಸೀಮೆಎಣ್ಣೆಯಲ್ಲಿ) ಅದ್ದಿ ರೋಲರ್‌ಗಳ ಎರಡೂ ಬದಿ ತಿಕ್ಕುತ್ತೇನೆ. ಕೆಳಗೆ ಹಳೇ ಪತ್ರಿಕೆ ಹಾಸಿರುತ್ತೇನೆ, ಅಂಗಳದ ಮಣ್ಣಿಗೆ ಆ ಎಣ್ಣೆ ಬೀಳಬಾರದು. ಚಿಮಣಿ ಎಣ್ಣೆ ಹಬ್ಬಿನ ಕಡೆ ಹರಿಯದಂತೆ ಬ್ರಶ್ಶನ್ನು ಚೆನ್ನಾಗಿ ಝಾಡಿಸಿಯೇ ಹಚ್ಚುವುದು, ಏಕೆಂದರೆ ಗ್ರೀಸನ್ನು ಕರಗಿಸುವುದರಲ್ಲಿ ಅದು ಚುರುಕು. ಒರೆಸಿ, ನೆರಳಿನಲ್ಲಿ ಪೂರ್ತಿ ಆರಿಸಿ, ಆಮೇಲೆ ಒಂದೊಂದು ರೋಲರ್‌ಗೆ ಒಂದೊಂದೇ ಹನಿ ಎಣ್ಣೆ. ಬೇಸಿಗೆಗೆ ತೆಳುವಾದ ಹೊಲಿಗೆ ಮಷೀನಿನ ಎಣ್ಣೆ, ಮಳೆಗಾಲಕ್ಕೆ ಡಬ್ಬಿಯಿಂದ ತೆಗೆದ ಹೊಸ ಎಂಜಿನ್ ಎಣ್ಣೆ. ಹತ್ತಾರು ಸುತ್ತು ಪೆಡಲ್ ತಿರುಗಿಸಿ, ಚಹಾ ಕುಡಿದು ಬಂದು, ಹೊರಗೆ ಕಾಣುವ ಎಣ್ಣೆಯನ್ನೆಲ್ಲ ಒರೆಸಿ ತೆಗೆಯುತ್ತೇನೆ. ನೋಡಿದವರಿಗೆ ಎಣ್ಣೆಯೇ ಹಾಕಿಲ್ಲ ಅನ್ನಿಸಬೇಕು.

ನಮ್ಮ ಓಣಿಯ ಹುಡುಗನೊಬ್ಬ ಒಂದು ಸಂಜೆ ತನ್ನ ಸೈಕಲ್ ತಂದು ನಿಲ್ಲಿಸಿದ.

"ಕಾಕಾ, ಭಾಳ ಸಪ್ಪಳ ಮಾಡ್ಲಿಕತ್ತದ. ಸ್ವಲ್ಪ ಎಣ್ಣಿ ಹಾಕ್ರಿ."

"ಎಣ್ಣಿ ಆಮ್ಯಾಲ, ಮೊದಲ ನಿಮ್ಮವ್ವನ ಕಡಿಂದ ಒಂದು ಹಳೀ ಅರಿವಿ ಇಸ್ಕೊಂಡು ಬಾ ಹೋಗು."

"ಎಣ್ಣಿ ಹಾಕಿದ್ರ ಸಪ್ಪಳ ನಿಂದ್ರತದಲ್ರಿ?"

"ಇವತ್ತು ನಿಂದ್ರತದ ತಮ್ಮಾ. ಈ ಮಣ್ಣಿನ ಮ್ಯಾಲ ಎಣ್ಣಿ ಬಿದ್ರ ನಾಳಿಗಿ ಚೈನೇ ತಿಂದು ಹಾಕ್ತದ."

ಅವನದು ಹಳೇದು, ಅವನ ಅಕ್ಕನಿಗೆ ಎಂಟನೇ ತರಗತಿಯಲ್ಲಿ ಸರ್ಕಾರದಿಂದ ಸಿಕ್ಕಿದ್ದ ಸೈಕಲ್ಲು. 2006–07ರಲ್ಲಿ ಶುರುವಾದ ಆ ಯೋಜನೆಯಿಂದ ನಮ್ಮ ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲು ಮುಗಿಸಿದ್ದನ್ನು ಟಪಾಲು ಹಂಚುತ್ತಾ ನಾನೇ ನೋಡಿದ್ದೇನೆ. ಅಂಥ ಸೈಕಲ್ಲುಗಳು ಗೋಡೆಗೆ ಆತು ಜಂಗು ಹಿಡಿದು ನಿಂತಿದ್ದು ಕಂಡರೆ ನನಗೆ ಸಂಕಟವಾಗುತ್ತದೆ. ಹುಡುಗನ ಕೈಯಲ್ಲೇ ಒರೆಸಿಸಿದೆ. ಆಮೇಲೆ ಅವನ ಕಂಪಾಸ್ ಬಾಕ್ಸಿನ ಪಟ್ಟಿಯಿಂದ ಚೈನ್ ಅಳೆಯುವುದು ತೋರಿಸಿದೆ. ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗೆ ಅರ್ಧ ಇಂಚು, ಎಲ್ಲ ಸೈಕಲ್ಲಿಗೂ ಅಷ್ಟೇ. ಒಂದು ಪಿನ್ನಿನ ಮೇಲೆ ಪಟ್ಟಿಯ ಸೊನ್ನೆ ಇಟ್ಟು 24 ಕೊಂಡಿ ಎಣಿಸಿದರೆ ಹೊಸ ಚೈನಿನಲ್ಲಿ ಸರಿಯಾಗಿ 12 ಇಂಚಿಗೆ ಪಿನ್ನು ಬರುತ್ತದೆ. ಅದು 12 ಇಂಚಿನ ಮೇಲೆ ಒಂದು ಇಂಚಿನ ಎಂಟನೇ ಒಂದು ಭಾಗ, ಅಂದರೆ ಮೂರು ಮಿಲಿಮೀಟರಿನಷ್ಟು ಮುಂದೆ ಹೋಗಿದ್ದರೆ ಚೈನ್ ಬದಲಿಸಬೇಕು; ಇಲ್ಲದಿದ್ದರೆ ಅದು ಫ್ರೀವೀಲಿನ ಹಲ್ಲುಗಳನ್ನೂ ಕೊಕ್ಕೆ ಮಾಡುತ್ತದೆ. ಅವನದು ಇನ್ನೂ ಚೆನ್ನಾಗಿತ್ತು. ಚೈನಿನ ಎರಡು ತುದಿ ಕೂಡಿಸುವ ಚೈನ್ ಲಾಕಿನ ಕ್ಲಿಪ್ಪು ಮಾತ್ರ ಉಲ್ಟಾ ಕೂತಿತ್ತು. ಅದರ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು, ತೆರೆದ ಬಾಯಿ ಹಿಂದಕ್ಕೆ. ಹಾಗಿದ್ದರೆ ಏನಾದರೂ ತಾಗಿದರೂ ಬಿಚ್ಚಿಕೊಳ್ಳುವುದಿಲ್ಲ.

ಕೈಗೆ ಹತ್ತಿದ ಕರಿಗೆ ಸಾಬೂನು ಒಂದೇ ಸಾಲದು. ಮೊದಲು ಒಣ ಕೈಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಉಗುರಿನ ಸುತ್ತ ತಿಕ್ಕಿ, ಮೇಲೆ ಕಡ್ಲಿ ಹಿಟ್ಟು ಉದುರಿಸಿ ಉಜ್ಜಿ, ಆಮೇಲೆ ಸಾಬೂನು.

ನೀರು ಪೂರ್ತಿ ನಿಷೇಧ ಅಂತಲ್ಲ. ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ ಅರ್ಧ ಬಕೆಟ್ ನೀರಿನಲ್ಲಿ ಒಂದು ಶಾಂಪೂ ಪಾಕೀಟು ಹಾಕಿ ಫ್ರೇಮು, ಮಡ್‌ಗಾರ್ಡು, ರಿಮ್ಮು ತೊಳೆಯುತ್ತೇನೆ. ಬಟ್ಟೆ ಸೋಡಾ ಬೇಡ, ಬಣ್ಣದ ಹೊಳಪು ತಿನ್ನುತ್ತದೆ. ನಮ್ಮ ಬೋರಿನ ನೀರು ಗಡಸು. ಬಿಸಿಲಿಗೆ ತಾನೇ ಒಣಗಲಿ ಅಂತ ಬಿಟ್ಟರೆ ಬಿಳಿ ಚುಕ್ಕೆ ಉಳಿಯುತ್ತವೆ. ತೊಳೆದ ಕೂಡಲೇ ಒರೆಸಬೇಕು. ಫ್ರೇಮಿಗೆ ಒಂದು ಅರಿವಿ, ಚೈನಿಗೆ ಇನ್ನೊಂದು. ಚೈನಿನ ಅರಿವಿ ರಿಮ್ಮಿಗೆ ತಾಗಿತೋ, ಬ್ರೇಕು ಹೋಯಿತು.

ಮೋಟಾರ್ ಸೈಕಲ್ ತೊಳೆಯುವ ಪೈಪಿನ ಕೆಳಗೆ ಸೈಕಲ್ ನಿಲ್ಲಿಸುವವರಿಗೆ ನಾನು ಕೈ ಮುಗಿದು ಬೇಡ ಅನ್ನುತ್ತೇನೆ. ಹತ್ತು ನಿಮಿಷದಲ್ಲಿ ಹೊಸದರಂತೆ ಕಾಣುತ್ತದೆ, ಸರಿ. ಆದರೆ ಆ ಒತ್ತಡದ ನೀರು ಹಬ್ಬಿನೊಳಗೆ, ಪೆಡಲಿನ ಅಚ್ಚು ತಿರುಗುವ ಬಿಬಿ ಕಪ್ಪಿನೊಳಗೆ ನುಗ್ಗಿ ಗ್ರೀಸನ್ನು ತೊಳೆದು, ತಾನು ಅಲ್ಲೇ ಕೂಡುತ್ತದೆ. ಹೊರಗೆ ಹೊಳೆಯುತ್ತಿರುವಾಗಲೇ ಒಳಗೆ ಗುಂಡುಗಳು ಜಂಗು ಹಿಡಿಯುತ್ತಿರುತ್ತವೆ.

ಬ್ರೇಕಿಗೆ ಹೆಚ್ಚು ಕೆಲಸವಿಲ್ಲ. ಸರಳಿನ ಬ್ರೇಕಿನಲ್ಲಿ ರಬ್ಬರು ರಿಮ್ಮಿನ ಒಳಮುಖಕ್ಕೆ, ಅಂದರೆ ಕಡ್ಡಿಗಳು ಹೊರಡುವ ಮುಖಕ್ಕೆ ಒತ್ತುತ್ತದೆ. ಕಣ್ಣಿಗೆ ಬೀಳದ ಆ ಮುಖವನ್ನೇ ಒರೆಸಬೇಕು. ರಬ್ಬರಿನಲ್ಲಿ ಕಲ್ಲಿನ ಕಣ ಹೂತಿದ್ದರೆ ಸೂಜಿಯಿಂದ ತೆಗೆದು, ಸ್ಯಾಂಡ್ ಪೇಪರಿನಲ್ಲಿ ಒಂದೆರಡು ಸಲ ಉಜ್ಜಿದರೆ ಸಾಕು. ಹ್ಯಾಂಡಲ್ಲಿನ ಬೆಳ್ಳಿ ಬಣ್ಣದ ಮೇಲೆ ಜಂಗಿನ ಚುಕ್ಕೆ ಬಂದರೆ ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆಯ ತುಂಡನ್ನು ನೀರಿನಲ್ಲಿ ಅದ್ದಿ ತಿಕ್ಕಿ ನೋಡಿ. ಗೀರು ಬೀಳದೆ ಹೋಗುತ್ತದೆ.

ಟೈರನ್ನು ನಾನು ತೊಳೆಯುವುದಕ್ಕಿಂತ ಓದುವುದು ಹೆಚ್ಚು. ಚಕ್ರ ನಿಧಾನ ತಿರುಗಿಸುತ್ತಾ ಅರಿವಿ ಹಿಡಿದರೆ, ಜಾಲಿ ಮುಳ್ಳು, ಕುಸುಬಿ ಹೊಲದ ಮುಳ್ಳು ಎಲ್ಲಿ ಚುಚ್ಚಿದೆ ಅಂತ ಅರಿವಿ ಸಿಕ್ಕಿಕೊಂಡು ಹೇಳುತ್ತದೆ. ಮುಳ್ಳು ಟ್ಯೂಬು ಮುಟ್ಟುವ ಮೊದಲೇ ಚಿಮಟದಿಂದ ತೆಗೆಯಬಹುದು. ಎಣ್ಣೆ, ಡೀಸೆಲ್ ಹಚ್ಚಿ ಟೈರು ಕಪ್ಪಗೆ ಮಾಡುವುದು ಬೇಡ, ರಬ್ಬರು ಮೆತ್ತಗಾಗುತ್ತದೆ. ಏಪ್ರಿಲ್–ಮೇ ತಿಂಗಳ ಬಿಸಿಲಲ್ಲಿ ಟಪಾಲು ಕೊಡಲು ನಿಂತಷ್ಟು ಹೊತ್ತೂ ಬೇವಿನ ನೆರಳು ಹುಡುಕಿಯೇ ನಿಲ್ಲಿಸುತ್ತೇನೆ.

ವರ್ಷಕ್ಕೊಮ್ಮೆ ಓವರ್‌ಆಯಿಲಿಂಗ್ (ಪೂರ್ತಿ ಬಿಚ್ಚಿ ಸ್ವಚ್ಛ ಮಾಡಿ ಗ್ರೀಸ್ ಹಾಕುವುದು) ಮಾಡಿಸುವುದು ದಸರೆ ಮುಗಿದ ಮೇಲೆ. ಮಳೆಗಾಲಕ್ಕೆ ಮೊದಲು ಮಾಡಿಸುವವರಿದ್ದಾರೆ. ಒಳಗೆ ಸೇರಿದ ನೀರು, ಮಣ್ಣು ಮುಂದಿನ ಎಂಟು ತಿಂಗಳು ಅಲ್ಲೇ ಉಳಿಯಬಾರದು ಅಂತ ನಾನು ಮಳೆ ಮುಗಿದ ಮೇಲೇ ಮಾಡಿಸುತ್ತೇನೆ. ನಮ್ಮ ಸೈಕಲ್ ಅಂಗಡಿಯ ಚಾಚಾ ಹಬ್ಬು ಬಿಚ್ಚಿ ಗುಂಡುಗಳನ್ನು ತಟ್ಟೆಗೆ ಸುರಿದಾಗ ನಾನು ಪಕ್ಕದಲ್ಲೇ ಕೂತು ಎಣಿಸುತ್ತೇನೆ: ಮುಂದಿನ ಹಬ್ಬಿಗೆ ಬದಿಗೆ ಹತ್ತು, ಹಿಂದಿನದಕ್ಕೆ ಬದಿಗೆ ಒಂಬತ್ತು. ಒಂದು ಗುಂಡಿನ ಮೇಲೆ ಚುಕ್ಕೆ ಕಂಡರೂ ಆ ಬದಿಯ ಅಷ್ಟನ್ನೂ ಬದಲಿಸಲು ಹೇಳುತ್ತೇನೆ, ಹೊಸದು ಹಳೇದು ಬೆರೆಸಿದರೆ ಭಾರ ಎಲ್ಲದರ ಮೇಲೂ ಸಮ ಬೀಳುವುದಿಲ್ಲ. "ನಿಮ್ದು ಗ್ರೀಸ್ ಇನ್ನೂ ಹಳದೀನೇ ಅದ ನೋಡ್ರಿ, ಪೋಸ್ಟ್ ಸಾಬ್" ಅಂತ ಚಾಚಾ ಈ ಸಲ ತಟ್ಟೆ ನನ್ನ ಕಡೆ ಸರಿಸಿದರು. ಹಿಂದಿನ ಹಬ್ಬಿನ ಎಡಬದಿಯಲ್ಲಿ ಮಾತ್ರ ಸ್ವಲ್ಪ ಕಂದು ಬಣ್ಣ ಇತ್ತು. ಆ ಬದಿಯ ಒಂಬತ್ತನ್ನೂ ಹೊಸದು ಹಾಕಿಸಿದೆ.